ಮೊದಲ ಏರ್ ಪಿಸ್ತೂಲು ಕೊಳ್ಳುವ ಮುನ್ನ

ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಶೂಟರ್ ಮನು ಭಾಕರ್ ಪದಕ ಗೆದ್ದದ್ದನ್ನು ನೋಡಿ ಮಗಳು ಪಿಸ್ತೂಲಿಗೆ ಹಟ ಹಿಡಿದಿದ್ದಾಳೆಯೇ? ಕೂಡಲೇ ಅಂಗಡಿಗೆ ಓಡಬೇಡಿ. ಕೆಲವು ತಿಂಗಳು ಕ್ಲಬ್ಬಿನ ಪಿಸ್ತೂಲಿನಲ್ಲೇ ಅಭ್ಯಾಸ ಮಾಡಲಿ. ಅವಳ ಕೈಯ ಅಳತೆ, ಆಸಕ್ತಿಯ ಆಳ ಎರಡೂ ಅಲ್ಲೇ ತಿಳಿಯುತ್ತವೆ.

10 ಮೀಟರ್ ಸ್ಪರ್ಧೆಗೆ ಬೇಕಾದದ್ದು 4.5 ಮಿ.ಮೀ. ಏರ್ ಪಿಸ್ತೂಲು. ತೂಕ 1,500 ಗ್ರಾಂ ಮೀರಬಾರದು, ಟ್ರಿಗರ್ ಕನಿಷ್ಠ 500 ಗ್ರಾಂ ಭಾರ ತಡೆಯಬೇಕು. ಸ್ಟೈರ್, ಮೊರಿನಿ, ವಾಲ್ಥರ್, ಪಾರ್ಡಿನಿ ಹೆಸರುವಾಸಿ ಕಂಪನಿಗಳು. ಬೆಲೆ ಮಾತ್ರ ಕಣ್ಣು ಕತ್ತಲೆ ಬರಿಸುತ್ತದೆ. ಹಾಗಾಗಿ ಒಳ್ಳೆಯ ಸೆಕೆಂಡ್ ಹ್ಯಾಂಡ್ ಪಿಸ್ತೂಲೇ ಜಾಣತನ ಎನ್ನುವುದು ನನ್ನ ಅಭಿಪ್ರಾಯ. ಆದರೆ ಗಾಳಿಯ ಸಿಲಿಂಡರ್ ಮೇಲಿನ ತಾರೀಖು ನೋಡದೆ ಮುಂಗಡ ಕೊಡಬೇಡಿ. ಇಂಥ ಕಂಪನಿಗಳ ಸಿಲಿಂಡರ್‌ಗೆ ಸಾಮಾನ್ಯವಾಗಿ 10 ವರ್ಷ ಆಯಸ್ಸು. ಅವಧಿ ಮುಗಿದದ್ದಾದರೆ ಹೊಸದರ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ ಚೌಕಾಸಿ ಮಾಡಿ. ಗಾಳಿ ಸೋರುತ್ತದೆಯೇ ಎಂದು ರೇಂಜಿನಲ್ಲಿ ಕೋಚ್ ಎದುರೇ ಪರೀಕ್ಷಿಸಿ.

ಎಲ್ಲಕ್ಕಿಂತ ಮುಖ್ಯ ಹಿಡಿ. ಎಡಗೈಯವರಿಗೆ, ಬಲಗೈಯವರಿಗೆ ಬೇರೆ ಬೇರೆ ಹಿಡಿ ಇರುತ್ತದೆ, ಅಳತೆಗಳೂ ಹಲವು. ತುಸು ದೊಡ್ಡದಾದ ಮರದ ಹಿಡಿಯನ್ನು ಉಜ್ಜಿ ಸರಿಪಡಿಸಬಹುದು. ತೀರಾ ಚಿಕ್ಕದನ್ನು ಹಿಗ್ಗಿಸುವುದು ತಲೆನೋವು.

ರೈಫಲ್‌ನವರಂತೆ ದಪ್ಪ ಜಾಕೆಟ್ಟಿನ ಖರ್ಚು ಪಿಸ್ತೂಲಿನವರಿಗಿಲ್ಲ, ಅದೇ ಸಮಾಧಾನ. ಕಾಲಿಗೆ ಚಪ್ಪಟೆ ಅಡಿಯ, ಹರಡು ಮುಚ್ಚದ ಶೂ ಸಾಕು. ಉಳಿದ ಹಣವನ್ನು ಚಪ್ಪಟೆ ತಲೆಯ ಪೆಲೆಟ್‌ಗಳಿಗೆ ಮೀಸಲಿಡಿ. ಅವು ಸೀಸದವು, ಮುಟ್ಟಿದ ಮೇಲೆ ಕೈ ತೊಳೆದೇ ತಿಂಡಿಗೆ ಕೂರಲಿ.