ಹುಲ್ಲಿಗೆ ಬೆಂಕಿ ಹಚ್ಚುವ ವಿಜ್ಞಾನಿಗಳು

ಹೈಸ್ಕೂಲ್ ಭೂಗೋಳದಲ್ಲಿ ಬಾಯಿಪಾಠ ಮಾಡಿದ್ದು ನೆನಪಿದೆಯಾ? ಉತ್ತರ ಅಮೆರಿಕದ ಹುಲ್ಲುಗಾವಲು ಪ್ರೇರಿ, ದಕ್ಷಿಣ ಅಮೆರಿಕದ್ದು ಪಂಪಾಸ್, ರಷ್ಯಾದ್ದು ಸ್ಟೆಪ್ಪಿ. ಬಿಟ್ಟ ಸ್ಥಳ ತುಂಬಿದೆವು, ಒಂದು ಅಂಕ ಬಂತು, ಪ್ರೇರಿ ಅಲ್ಲಿಗೆ ಮುಗಿಯಿತು.

ಪ್ರೇರಿಯೆಲ್ಲ ಒಂದೇ ತರಹ ಇರೋದಿಲ್ಲ. ಮಳೆ ಕಡಿಮೆಯಿರುವ ಪಶ್ಚಿಮದ ಕಡೆ ಹುಲ್ಲು ಗಿಡ್ಡ. ಪೂರ್ವದ ಕಡೆ ಹೋದಂತೆ ಆಳೆತ್ತರ ಮೀರುತ್ತದೆ. ಈ ಎತ್ತರದ ಹುಲ್ಲಿನ ಪ್ರೇರಿ ಒಂದು ಕಾಲಕ್ಕೆ ಸುಮಾರು 17 ಕೋಟಿ ಎಕರೆ ಹರಡಿತ್ತು. ಈಗ ಉಳಿದಿರುವುದು ಶೇ. 4ಕ್ಕಿಂತ ಕಡಿಮೆ.

ಅದಕ್ಕೆ ಮುಳುವಾದದ್ದು ಅದರ ಮಣ್ಣೇ. ಸಾವಿರಾರು ವರ್ಷ ಬೇರುಗಳು ಸತ್ತು ಕೊಳೆತು ಆದ ಕಪ್ಪು ಮಣ್ಣು. ಹಳೆಯ ಎರಕದ ಕಬ್ಬಿಣದ ನೇಗಿಲಿಗೆ ಅದು ಅಂಟಿಕೊಂಡು ಬಿಡುತ್ತಿರಲಿಲ್ಲ. 1837ರಲ್ಲಿ ಜಾನ್ ಡೀರ್ ನುಣುಪಾದ ಉಕ್ಕಿನ ನೇಗಿಲು ಮಾಡಿದ, ಮಣ್ಣು ಜಾರತೊಡಗಿತು. ಇವತ್ತು ಅಲ್ಲಿ ಮೆಕ್ಕೆಜೋಳ, ಸೋಯಾ. ಉಳಿದ ಪ್ರೇರಿಯ ಹೆಚ್ಚಿನ ಪಾಲು ಇರುವುದು ಕ್ಯಾನ್ಸಸ್‌ನ ಫ್ಲಿಂಟ್ ಹಿಲ್ಸ್‌ನಲ್ಲಿ. ಅಲ್ಲಿ ಸ್ವಲ್ಪ ಕೆಳಗೇ ಬಂಡೆ ಸಿಗುತ್ತದೆ, ನೇಗಿಲು ಇಳಿಯಲಿಲ್ಲ ಅಷ್ಟೇ.

ಈಗ ಬೆಂಕಿಯ ವಿಷಯ. ಪ್ರೇರಿಯ ಮುಖ್ಯ ಹುಲ್ಲು ಬಿಗ್ ಬ್ಲೂಸ್ಟೆಮ್. ನಮ್ಮ ಜೋಳ, ಕಬ್ಬಿನ ಹತ್ತಿರದ ನೆಂಟ. ಹುಲ್ಲಿನ ಕುಟುಂಬದಲ್ಲಿ ಮೂರೂ ಒಂದೇ ಕವಲಿನವು. ನೆಲದ ಮೇಲೆ ಎರಡು ಮೀಟರ್ ಇದ್ದರೆ ಬೇರೂ ಅಷ್ಟೇ ಆಳ, ಕೆಲವೆಡೆ ಇನ್ನೂ ಹೆಚ್ಚು. ಮುಖ್ಯವಾಗಿ, ಅದರ ಚಿಗುರುವ ಮೊಗ್ಗು ಮಣ್ಣಿನ ಮಟ್ಟದಲ್ಲಿ ಅಥವಾ ಅದರ ಕೆಳಗೆ ಇರುತ್ತದೆ. ಮರ ಹಾಗಲ್ಲ, ಚಿಗುರನ್ನು ತಲೆ ಮೇಲೆ ಹೊತ್ತು ನಿಂತಿರುತ್ತದೆ. ಬೆಂಕಿ ಬಂದರೆ ಮರದ ಸಸಿ ಸಾಯುತ್ತದೆ, ಹುಲ್ಲಿಗೆ ಹೋಗುವುದು ಹಳೆಯ ತರಗು ಮಾತ್ರ. ಸಿಡಿಲಿನಿಂದಲೂ ಅಲ್ಲಿನ ಮೂಲನಿವಾಸಿಗಳ ಕೈಯಿಂದಲೂ ಹತ್ತುತ್ತಿದ್ದ ಬೆಂಕಿ ನಿಂತ ಕಡೆ ಪೊದೆ, ಸೀಡರ್ ಮರ ನುಗ್ಗುತ್ತವೆ.

ಕ್ಯಾನ್ಸಸ್‌ನ ಕೊಂಜಾ ಪ್ರೇರಿ ಸಂಶೋಧನಾ ಕೇಂದ್ರದಲ್ಲಿ ಇದನ್ನೇ ಅಳೆಯುತ್ತಾರೆ. ನೆಲವನ್ನು ಜಲಾನಯನಗಳಾಗಿ ಭಾಗ ಮಾಡಿ ಒಂದಕ್ಕೆ ಪ್ರತಿ ವರ್ಷ ಬೆಂಕಿ, ಇನ್ನೊಂದಕ್ಕೆ 2 ವರ್ಷಕ್ಕೊಮ್ಮೆ, ಮತ್ತೊಂದಕ್ಕೆ 4, ಕೆಲವಕ್ಕೆ 20. ನಮ್ಮ ಲ್ಯಾಬ್ ಒಂದು ಮಧ್ಯಾಹ್ನಕ್ಕೆ ಮುಗಿಯುತ್ತೆ. ಅಲ್ಲಿ ಒಂದು ರೀಡಿಂಗ್‌ಗೆ 20 ವರ್ಷ!

ಕ್ಯಾಮೆರಾ ಹಿಡಿದವರಿಗೆ ಪ್ರೇರಿ ಕಷ್ಟದ ಜಾಗ. ಬೆಟ್ಟವಿಲ್ಲ, ಜಲಪಾತವಿಲ್ಲ. ವೈಡ್ ಲೆನ್ಸ್ ಹಾಕಿ ತೆಗೆದರೆ ಅರ್ಧ ಆಕಾಶ, ಅರ್ಧ ಹುಲ್ಲು. ಅಂಥ ಫೋಟೋ ನೋಡಿದವರು ‘ಖಾಲಿ ಜಾಗ’ ಅನ್ನುತ್ತಾರೆ. ಸೈಟ್ ಮಾಡಲು ಬಂದವರೂ ಅದನ್ನೇ ಅನ್ನೋದು. ಟೆರಿ ಇವಾನ್ಸ್ ಎಂಬ ಛಾಯಾಗ್ರಾಹಕಿ 1978ರ ಸುಮಾರಿಗೆ ಕ್ಯಾನ್ಸಸ್‌ನಲ್ಲಿ ಪ್ರೇರಿ ಚಿತ್ರಿಸಲು ಶುರುಮಾಡಿದಾಗ ಕ್ಯಾಮೆರಾವನ್ನು ನೇರ ನೆಲಕ್ಕೆ ತಿರುಗಿಸಿದರು. ದಿಗಂತ ಫ್ರೇಮಿನಿಂದ ಹೊರಗೆ. ಒಳಗೆ ಎಲೆ, ಕಾಂಡ, ಹೂವುಗಳ ಹೆಣಿಗೆ. ನನ್ನ ಮಟ್ಟಿಗೆ ಪ್ರೇರಿ ಫೋಟೋಗ್ರಫಿಯ ಮೊದಲ ಪಾಠ ಇದೇ.

ಎರಡನೆಯದು, ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗುವುದು. ಏಪ್ರಿಲ್‌ನಲ್ಲಿ ಸುಟ್ಟ ನೆಲ ಮಸಿಯಂತಿರುತ್ತದೆ. ಕಪ್ಪು ನೆಲ ಬಿಸಿಲಿಗೆ ಬೇಗ ಕಾಯುವುದರಿಂದ ಒಂದೆರಡು ವಾರದಲ್ಲೇ ಹಸಿರು ಸೂಜಿಗಳು ಏಳುತ್ತವೆ. ಜುಲೈ ಹೂವಿನ ಕಾಲ. ಆಗ ಕಂಪಾಸ್ ಪ್ಲಾಂಟ್ ಹುಡುಕಿ. ಅದರ ಎಲೆಗಳ ಅಂಚು ಉತ್ತರ-ದಕ್ಷಿಣಕ್ಕಿರುತ್ತದೆ, ಅಗಲ ಮೈ ಪೂರ್ವ-ಪಶ್ಚಿಮಕ್ಕೆ. ದಕ್ಷಿಣದಿಂದ ತೆಗೆದರೆ ಬರೀ ಗೆರೆ. ಬೆಳಿಗ್ಗೆ ಪಶ್ಚಿಮಕ್ಕೆ ನಿಂತು ಸೂರ್ಯನ ಕಡೆ ತಿರುಗಿ ತೆಗೆದರೆ ಎಲೆಯ ನರನರವೂ ಬೆಳಗುತ್ತದೆ. ಸೆಪ್ಟೆಂಬರ್ ಕಳೆಯುವ ಹೊತ್ತಿಗೆ ಹುಲ್ಲು ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ಗಾಳಿ ಬಿಡೋದಿಲ್ಲ, ಹಾಗಾಗಿ ಶಟರ್ ನಿಧಾನ ಮಾಡಿ ಗಾಳಿಯನ್ನೇ ತೆಗೆಯಬಹುದು. ಚಳಿಗಾಲದಲ್ಲಿ ಹಿಮ, ಒಣಕಡ್ಡಿ, ಪ್ರಾಣಿಗಳ ಹೆಜ್ಜೆ.

ಹೋದ ಪ್ರೇರಿಯನ್ನು ಮರಳಿ ತರಬಹುದಾ? ಇಂಜಿನಿಯರಿಂಗ್‌ನವರಿಗೆ ಗೊತ್ತಿರುವ ಜಾಗವೊಂದರಲ್ಲಿ ಇದರ ಪ್ರಯತ್ನ ನಡೆದಿದೆ: ಶಿಕಾಗೋ ಬಳಿಯ ಫರ್ಮಿಲ್ಯಾಬ್. ಮೊದಲ ನಿರ್ದೇಶಕ ರಾಬರ್ಟ್ ವಿಲ್ಸನ್ 1969ರಲ್ಲಿ ಅಲ್ಲಿಗೆ ಬೈಸನ್ ತರಿಸಿದರು (ಬಂಡೀಪುರದಲ್ಲಿ ನಾವು ಬೈಸನ್ ಅನ್ನೋ ಕಾಟಿ ಬೇರೆ, ಇದು ಬೇರೆ). 1970ರ ದಶಕದಲ್ಲಿ ರಾಬರ್ಟ್ ಬೆಟ್ಜ್ ಎಂಬ ವಿಜ್ಞಾನಿ, ವೇಗವರ್ಧಕದ ಉಂಗುರದೊಳಗಿನ ಹೊಲದಲ್ಲಿ ಪ್ರೇರಿ ಬೆಳೆಸೋಣ ಅಂದರು. ಹಳೆಯ ಸ್ಮಶಾನಗಳಲ್ಲಿ, ರೈಲು ಹಳಿಗಳ ಪಕ್ಕ ನೇಗಿಲು ತಾಕದೆ ಉಳಿದ ತುಣುಕುಗಳನ್ನು ಬೆಟ್ಜ್ ಮೊದಲೇ ಹುಡುಕಿಟ್ಟಿದ್ದರು. ಎಲ್ಲ ಬೀಜ ಒಟ್ಟಿಗೆ ಬಿತ್ತಿದರೆ ಆಗದು. ಮೊದಲು ಕಳೆಯ ಜೊತೆ ಗುದ್ದಾಡಬಲ್ಲ ಗಟ್ಟಿ ಜಾತಿಗಳು. ಅವು ಹರಡಿ, ಕೆಲವು ವರ್ಷ ಬೆಂಕಿ ಕಂಡ ಮೇಲೆ ನಾಜೂಕಿನವು. ಗುಬ್ಬಿ ಗೂಡು ಕಟ್ಟಿದಷ್ಟು ನಿಧಾನ.

ಆ ಉಂಗುರದ ಸುರಂಗದಲ್ಲಿ ಓಡುತ್ತಿದ್ದ ಟೆವಟ್ರಾನ್ 2011ರಲ್ಲಿ ನಿಂತಿತು. ಮೇಲಿನ ಹುಲ್ಲಿಗೆ ಬೆಂಕಿ ಹಚ್ಚುವ ಕೆಲಸ ಮಾತ್ರ ಇನ್ನೂ ನಡೆಯುತ್ತಿದೆ.