ಗೆದ್ದವನ ದುಃಖ

ಸುಖ ಬಂದಾಗ ಹಿಗ್ಗುವುದು, ದುಃಖ ಬಂದಾಗ ಕುಗ್ಗುವುದು ಮಾನವನ ಸಹಜ ಗುಣ. ಎರಡೂ ಹೊರಗಿನಿಂದ ಬರುತ್ತವೆ ಅಂತಲೇ ಎಲ್ಲರ ನಂಬಿಕೆ. ಬೆಳೆ ಬಂದರೆ ಸುಖ, ಹೋದರೆ ದುಃಖ. ದಾವೆ ಗೆದ್ದರೆ ಸಂತೋಷ, ಸೋತರೆ ಸಂಕಟ. ಶ್ರವಣಬೆಳಗೊಳದ ವಿಂಧ್ಯಗಿರಿಯ ಮೇಲೆ ನಿಂತಿರುವ ಬಾಹುಬಲಿಸ್ವಾಮಿಯ ಕಥೆ ಈ ಲೆಕ್ಕವನ್ನೇ ತಲೆಕೆಳಗು ಮಾಡುತ್ತದೆ. ಇಲ್ಲಿ ಗೆದ್ದವನಿಗೇ ದುಃಖವಾಯಿತು.

ಆದಿನಾಥ ತೀರ್ಥಂಕರರು ಹಿರಿಯ ಮಗ ಭರತನಿಗೆ ಅಯೋಧ್ಯೆಯನ್ನೂ ಬಾಹುಬಲಿಗೆ ಪೌದನಪುರವನ್ನೂ ಕೊಟ್ಟು ತಪಸ್ಸಿಗೆ ಹೊರಟರು. ಭರತ ದಿಗ್ವಿಜಯ ಮುಗಿಸಿ ಬಂದಾಗ ಚಕ್ರರತ್ನ ಊರಬಾಗಿಲಲ್ಲೇ ನಿಂತುಬಿಟ್ಟಿತು. ತಮ್ಮಂದಿರು ಇನ್ನೂ ತಲೆಬಾಗಿಲ್ಲ ಎಂಬುದೇ ಕಾರಣ. ಉಳಿದ ತಮ್ಮಂದಿರು ರಾಜ್ಯ ಬಿಟ್ಟು ದೀಕ್ಷೆ ತೆಗೆದುಕೊಂಡರು. ಬಾಹುಬಲಿ ಮಾತ್ರ ಒಪ್ಪಲಿಲ್ಲ. ಅಣ್ಣನಿಗೆ ನಮಸ್ಕಾರ ಮಾಡಬಹುದು, ಚಕ್ರವರ್ತಿಗೆ ಆಗದು ಎಂಬುದು ಅವನ ಹಟ. ಪಾಲಿನ ಜಗಳ ನಡೆಯುವ ಮನೆಗಳಲ್ಲಿ ಇಂದಿಗೂ ಕೇಳುವ ಮಾತು ಹೆಚ್ಚುಕಡಿಮೆ ಇದೇ!

ಸೈನ್ಯ ಸಾಯುವುದು ಬೇಡ ಅಂತ ಮಂತ್ರಿಗಳು ಅಣ್ಣತಮ್ಮಂದಿರಿಗೆ ಮಾತ್ರ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಏರ್ಪಡಿಸಿದರು. ಮೂರರಲ್ಲೂ ತಮ್ಮನೇ ಗೆದ್ದ. ಸೋತ ಅಣ್ಣ ಸಿಟ್ಟಿನಲ್ಲಿ ಚಕ್ರವನ್ನೇ ಬಿಟ್ಟ. ಅದು ಬಾಹುಬಲಿಯನ್ನು ಬಲಬಂದು ನಿಂತಿತು. ಆಗ ಬಾಹುಬಲಿಗೆ ಹಿಗ್ಗು ಬರಬೇಕಿತ್ತು, ಹೇಸಿಗೆ ಬಂತು. ಒಂದು ತುಂಡು ನೆಲಕ್ಕಾಗಿ ಅಣ್ಣ ಎಂಥವನಾಗಿಬಿಟ್ಟ ಅಂತ ಮನಸ್ಸು ಮುರಿದು, ಗೆದ್ದದ್ದನ್ನೆಲ್ಲ ಅವನಿಗೇ ಬಿಟ್ಟು ಕಾಡಿಗೆ ಹೋದ.

ಕಥೆಯ ನಿಜವಾದ ತಿರುಳು ಮುಂದಿದೆ. ಒಂದು ವರ್ಷ ಅಲುಗಾಡದೆ ನಿಂತ. ಅನ್ನ ಬಿಟ್ಟ, ನಿದ್ದೆ ಬಿಟ್ಟ. ಕಾಲ ಬಳಿ ಹುತ್ತ ಬೆಳೆಯಿತು, ಮೈಗೆ ಮಾಧವೀಲತೆ ಹಬ್ಬಿತು. ಆದರೂ ಕೇವಲಜ್ಞಾನವಾಗಲಿಲ್ಲ. ಒಳಗೊಂದು ಮುಳ್ಳು ಉಳಿದಿತ್ತು. ತನ್ನಿಂದ ಅಣ್ಣನಿಗೆ ನೋವಾಯಿತಲ್ಲ ಎಂಬ ಕೊರಗು ಅದು ಎಂದು ಜಿನಸೇನಾಚಾರ್ಯರ ಪೂರ್ವಪುರಾಣ ಹೇಳುತ್ತದೆ. ತಾನು ನಿಂತ ನೆಲವೂ ಅಣ್ಣನದೇ ಎಂಬ ಚುಚ್ಚು ಅಂತ ಜನ ಹೇಳುತ್ತಾರೆ. ಒಂದು ಕರುಣೆಯ ಮುಳ್ಳು, ಇನ್ನೊಂದು ಅಭಿಮಾನದ ಮುಳ್ಳು. ಎರಡಕ್ಕೂ ಬೇರು ‘ನಾನು’ ಎಂಬುದೇ. ರಾಜ್ಯ ಬಿಡುವುದು ಒಂದು ದಿನದ ಕೆಲಸವಾಯಿತು, ಇದನ್ನು ಬಿಡಲು ವರ್ಷ ಹಿಡಿಯಿತು. ಕೊನೆಗೆ ಭರತನೇ ಬಂದು ತಮ್ಮನ ಪಾದಕ್ಕೆರಗಿದ. ಮುಳ್ಳು ಕಳಚಿತು, ಜ್ಞಾನವಾಯಿತು.

ಗಂಗರ ಮಂತ್ರಿ ಚಾವುಂಡರಾಯ ಸುಮಾರು ಕ್ರಿ.ಶ. 981ರಲ್ಲಿ ಮಾಡಿಸಿದ 58 ಅಡಿ ಎತ್ತರದ ಈ ಮೂರ್ತಿಯಲ್ಲಿ ಶಿಲ್ಪಿ ಹುತ್ತ ಕೆತ್ತಿದ್ದಾನೆ, ಹಾವು ಕೆತ್ತಿದ್ದಾನೆ, ತೊಡೆ ತೋಳುಗಳಿಗೆ ಹಬ್ಬಿದ ಬಳ್ಳಿಯನ್ನೂ ಕೆತ್ತಿದ್ದಾನೆ. ಮುಖದಲ್ಲಿ ಮಾತ್ರ ಯುದ್ಧ ಗೆದ್ದ ಗುರುತೂ ಇಲ್ಲ, ಕೊರಗಿದ ಗುರುತೂ ಇಲ್ಲ. ತುಟಿಯಂಚಿನಲ್ಲಿ ಸಣ್ಣ ನಗು, ಅಷ್ಟೇ.

ಆ ಮುಳ್ಳು ಮೂರ್ತಿ ಮಾಡಿಸಿದವನನ್ನೂ ಬಿಡಲಿಲ್ಲ ಅಂತ ಐತಿಹ್ಯ. ‘ನಾನು ಮಾಡಿಸಿದೆ’ ಅಂತ ಚಾವುಂಡರಾಯ ಕೊಡಗಟ್ಟಲೆ ಹಾಲೆರೆದರೂ ಅದು ತೊಡೆಯಿಂದ ಕೆಳಗೆ ಇಳಿಯಲಿಲ್ಲವಂತೆ. ಬಡ ಅಜ್ಜಿಯೊಬ್ಬಳು ಗುಳ್ಳಕಾಯಿಯ ಒಡಲಲ್ಲಿ ತಂದ ಒಂದಿಷ್ಟು ಹಾಲು ಪಾದ ತೋಯಿಸಿ ಬೆಟ್ಟದಿಂದ ಹರಿಯಿತಂತೆ. 600ಕ್ಕೂ ಹೆಚ್ಚು ಮೆಟ್ಟಿಲು ಹತ್ತಿದ ಯಾತ್ರಿಕರ ಕಣ್ಣು ಸ್ವಾಮಿಯ ಮೇಲೇ ಇರುತ್ತದೆ. ಗುಳ್ಳಕಾಯಜ್ಜಿಯ ವಿಗ್ರಹ ಸ್ವಾಮಿಗೆ ಎದುರಾಗಿ, ಬಾಗಿಲ ಹೊರಗೆ, ಕೈಯಲ್ಲಿ ಕಾಯಿ ಹಿಡಿದು ನಿಂತಿದೆ.