ಒಂದೇ ಪರೀಕ್ಷೆಗೆ ಸಿಕ್ಕಿಬೀಳದ ಅಸ್ತಮಾ

ಪ್ರಶ್ನೆ: ನನಗೆ 38 ವರ್ಷ. ಚಳಿಗಾಲ ಬಂತೆಂದರೆ ಬೆಳಗಿನ ಜಾವ ಕೆಮ್ಮು, ಎದೆ ಬಿಗಿತ. ಒಗ್ಗರಣೆಯ ಘಾಟಿಗೂ ದಮ್ಮು ಕಟ್ಟುತ್ತದೆ. ಎಕ್ಸ್-ರೇ, ರಕ್ತಪರೀಕ್ಷೆ ಎರಡೂ ನಾರ್ಮಲ್. ಆದರೂ ವೈದ್ಯರು ಅಸ್ತಮಾ ಇರಬಹುದು ಎನ್ನುತ್ತಿದ್ದಾರೆ. ನಂಬುವುದು ಹೇಗೆ?
– ಗೃಹಿಣಿ, ಹಾಸನ

ಉತ್ತರ: ಅಸ್ತಮಾ ಇದ್ದವರ ಎಕ್ಸ್-ರೇ ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ. ಅದನ್ನು ತೆಗೆಸುವುದು ಕ್ಷಯ, ನ್ಯುಮೋನಿಯಾದಂಥ ಬೇರೆ ಕಾಯಿಲೆ ಇದೆಯೇ ಎಂದು ನೋಡಲು. ಅಸ್ತಮಾದಲ್ಲಿ ಶ್ವಾಸನಾಳಗಳು ಒಮ್ಮೆ ಬಿಗಿಯುತ್ತವೆ, ಮತ್ತೊಮ್ಮೆ ಸಡಿಲವಾಗುತ್ತವೆ. ಈ ಏರಿಳಿತ ಇದೆಯೇ ಎಂಬುದನ್ನೇ ವೈದ್ಯರು ಹುಡುಕುತ್ತಾರೆ. ಬೆಳಗಿನ ಜಾವ, ಚಳಿ, ಘಾಟು ಎಂದು ನೀವು ಹೇಳಿದ ಮೂರೂ ಅದರತ್ತಲೇ ಬೆರಳು ತೋರಿಸುತ್ತವೆ.

ಖಚಿತಪಡಿಸಿಕೊಳ್ಳಲು ಸ್ಪೈರೋಮೆಟ್ರಿ ಮಾಡಿಸಿ. ಉಸಿರು ತುಂಬಿಕೊಂಡು ಯಂತ್ರದ ಕೊಳವೆಗೆ ಜೋರಾಗಿ, ಪೂರ್ತಿಯಾಗಿ ಊದಬೇಕು. ಆಮೇಲೆ ಶ್ವಾಸನಾಳ ಸಡಿಲಿಸುವ ಸಾಲ್ಬುಟಮಾಲ್ ಔಷಧ ಕೊಟ್ಟು, ಸುಮಾರು 15 ನಿಮಿಷ ಬಿಟ್ಟು ಮತ್ತೆ ಊದಿಸುತ್ತಾರೆ. ಮೊದಲ ಸೆಕೆಂಡಿನಲ್ಲಿ ಹೊರಬರುವ ಗಾಳಿಯ ಏರಿಕೆ ಶೇ 12 ಹಾಗೂ 200 ಮಿ.ಲೀ. ಎರಡನ್ನೂ ಮೀರಿದರೆ ಅಸ್ತಮಾ ಎನ್ನಲು ಬಲವಾದ ಆಧಾರ ಸಿಕ್ಕಂತೆ. ಚೆನ್ನಾಗಿದ್ದ ದಿನ ಹೋದರೆ ಇದೂ ನಾರ್ಮಲ್ ಬರಬಹುದು. ಅಷ್ಟಕ್ಕೇ ಅಸ್ತಮಾ ಇಲ್ಲವೆನ್ನಲಾಗದು. ಆಗ ಊದುವ ವೇಗ ಅಳೆಯುವ ಪೀಕ್ ಫ್ಲೋ ಮೀಟರ್ ಇಟ್ಟುಕೊಂಡು ಎರಡು ವಾರ ಬೆಳಿಗ್ಗೆ, ಸಂಜೆ ಊದಿ ಬರೆದಿಡಿ. ದಿನದ ಏರಿಳಿತ ಸರಾಸರಿ ಶೇ 10 ಮೀರಿದರೆ ಅನುಮಾನ ಗಟ್ಟಿಯಾಗುತ್ತದೆ. ವರ್ಷಗಟ್ಟಲೆ ಸೌದೆ ಒಲೆಯ ಹೊಗೆ ಕುಡಿದಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ. ಅಂಥ ಹೊಗೆಯಿಂದ ಬರಬಹುದಾದ ಸಿಒಪಿಡಿ ಎಂಬ ಶ್ವಾಸಕೋಶದ ಕಾಯಿಲೆಯೂ ಹೀಗೇ ಕಾಡುತ್ತದೆ.

ಪ್ರಶ್ನೆ: ಮಗನಿಗೆ ಮೂರು ವರ್ಷ. ನೆಗಡಿಯಾದಾಗಲೆಲ್ಲ ಉಬ್ಬಸ. ಊದುವ ಪರೀಕ್ಷೆ ಈಗ ಬೇಡ ಎಂದಿದ್ದಾರೆ. ಮತ್ತೆ ಗೊತ್ತಾಗುವುದು ಹೇಗೆ?
– ತಂದೆ, ಶಿರಸಿ

ಉತ್ತರ: ಐದಾರು ವರ್ಷದೊಳಗಿನ ಮಕ್ಕಳಿಗೆ ಹೇಳಿದಂತೆ ಊದಲು ಬರುವುದಿಲ್ಲ. ಹಾಗಾಗಿ ನೀವು ಹೇಳುವ ವಿವರವೇ ಮುಖ್ಯ. ನೆಗಡಿ ಇಲ್ಲದಾಗಲೂ ಓಡಿದರೆ, ನಕ್ಕರೆ ಕೆಮ್ಮು ಬರುತ್ತದೆಯೇ? ನಿದ್ದೆಯಿಂದ ಎಬ್ಬಿಸುತ್ತದೆಯೇ? ಮಗುವಿಗೆ ಇಸುಬು ಇದೆಯೇ, ತಂದೆ–ತಾಯಿಗೆ ಅಸ್ತಮಾ ಇದೆಯೇ? ಹೌದಾದರೆ ಸಾಧ್ಯತೆ ಹೆಚ್ಚು. ನೆಗಡಿಯ ಜೊತೆಗಷ್ಟೇ ಉಬ್ಬಸ ಬರುವ ಅನೇಕ ಮಕ್ಕಳಲ್ಲಿ ಬೆಳೆಯುತ್ತಾ ಅದು ನಿಂತುಹೋಗುತ್ತದೆ. ಉಬ್ಬಸ ಬಂದಾಗ ಅಂಗಿ ತೆಗೆದು, ಎದೆ ಕಾಣುವಂತೆ ಮೊಬೈಲ್‌ನಲ್ಲಿ ವಿಡಿಯೊ ಮಾಡಿ ತೋರಿಸಿ. ವೈದ್ಯರು ಎರಡು–ಮೂರು ತಿಂಗಳು ಇನ್ಹೇಲರ್ ಕೊಟ್ಟು ನೋಡಬಹುದು. ಕೊಟ್ಟಾಗ ಕಡಿಮೆಯಾಗಿ, ನಿಲ್ಲಿಸಿದಾಗ ಮರುಕಳಿಸಿದರೆ ಅದೇ ಪುರಾವೆ. ಅಲರ್ಜಿ ಪರೀಕ್ಷೆ ಅಲರ್ಜಿಯನ್ನಷ್ಟೇ ಹೇಳುತ್ತದೆ, ಅಸ್ತಮಾವನ್ನಲ್ಲ. ಆಡುತ್ತಿದ್ದ ಮಗುವಿಗೆ ಇದ್ದಕ್ಕಿದ್ದಂತೆ ಉಬ್ಬಸ ಬಂದರೆ ಕಡಲೆಬೀಜದಂಥದ್ದು ಶ್ವಾಸನಾಳಕ್ಕೆ ಸೇರಿರಬಹುದು. ತಕ್ಷಣ ಆಸ್ಪತ್ರೆಗೆ ಒಯ್ಯಿರಿ.

ಇಬ್ಬರಿಗೂ ಒಂದು ಮಾತು: ಸ್ಪೈರೋಮೆಟ್ರಿಗೆ (ಮಗುವಿಗಾದರೆ ಊದುವಷ್ಟು ದೊಡ್ಡವನಾದ ಮೇಲೆ) ಸರಿಯಾದ ಹೊತ್ತು ತೊಂದರೆ ಇರುವಾಗ, ದಿನನಿತ್ಯದ ಇನ್ಹೇಲರ್ ಶುರು ಮಾಡುವ ಮುನ್ನ. ಆದರೆ ಮಾತಾಡಲಾಗದಷ್ಟು ಏದುಸಿರು, ಪಕ್ಕೆಲುಬಿನ ಸಂದು ಒಳಸೇದುವುದು, ತುಟಿ ನೀಲಿಗಟ್ಟುವುದು ಕಂಡರೆ ಯಾವ ಪರೀಕ್ಷೆಗೂ ಕಾಯಬೇಡಿ, ಮೊದಲು ಚಿಕಿತ್ಸೆ.